ಪ್ರಬಂಧ ಬರೆದವರು ಯಾರು?

ನವೆಂಬರ್ 26 ಸಂವಿಧಾನ ದಿನ. 1949ರಲ್ಲಿ ಸಂವಿಧಾನ ಸಭೆ ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದು ಅಂದು. ಆ ಹೊತ್ತಿಗೆ ಹೈಸ್ಕೂಲು ಮಕ್ಕಳಿಗೆ ಕಾನೂನಿನ ವಿಷಯ ಕೊಟ್ಟು ಪ್ರಬಂಧ ಬರೆಸುವುದುಂಟು. ಒಮ್ಮೆ ಅಂಥ ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ವಿಷಯ: ‘ಶಿಕ್ಷಣದ ಹಕ್ಕು’.

ಕಟ್ಟು ಬಿಚ್ಚಿದರೆ ಮುಕ್ಕಾಲು ಪಾಲು ಪ್ರಬಂಧಗಳ ಆರಂಭ ಒಂದೇ: ನಮ್ಮದು ಪ್ರಪಂಚದಲ್ಲೇ ಅತಿ ದೊಡ್ಡ ಲಿಖಿತ ಸಂವಿಧಾನ. ಆಮೇಲೆ ಅಂಬೇಡ್ಕರ್, ಪ್ರಸ್ತಾವನೆ, ಮೂಲಭೂತ ಹಕ್ಕುಗಳ ಪಟ್ಟಿ. ಕೆಲವಂತೂ ಎಷ್ಟು ಪ್ರೌಢವಾಗಿದ್ದವೆಂದರೆ, ಬರೆದ ಹುಡುಗನಿಗೆ ಆಗಲೇ ತಲೆ ನರೆತಿರಬೇಕು ಅನ್ನಿಸಿತು. (ಅಪ್ಪಂದಿರೇ, ನಿಮ್ಮ ಕೈವಾಡ ಗೊತ್ತಾಗುತ್ತದೆ!)

ಒಂದು ಮಾತ್ರ ಬೇರೆ. ಒಂಬತ್ತನೆಯ ತರಗತಿಯ ಹುಡುಗಿಯದು. ಒಂದೂವರೆ ಪುಟ, ಅಲ್ಲಲ್ಲಿ ಕಾಗುಣಿತದ ತಪ್ಪು. ಹೈಸ್ಕೂಲು ಬೇರೆ ಊರಿನಲ್ಲಿದ್ದುದರಿಂದ ಅವಳ ಅಕ್ಕ ಎಂಟನೆಯ ತರಗತಿಗೇ ಓದು ಬಿಟ್ಟಿದ್ದಳು. 2009ರ ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ. ಹಾಗಾದರೆ ಈ ಪ್ರಬಂಧ ಬರೆಯುತ್ತಿರುವ ನಮಗೇ ಆ ಹಕ್ಕು ಇಲ್ಲವೇ ಎಂದು ಕೇಳಿ, ಅಲ್ಲಿಗೇ ನಿಲ್ಲಿಸಿದ್ದಳು.

ಉಪಸಂಹಾರವಿಲ್ಲವೆಂದು ಒಬ್ಬರು ಅಂಕ ಕತ್ತರಿಸಿದರು. ಬಹುಮಾನ ಬರಲಿಲ್ಲ. ನಾನು ಇನ್ನಷ್ಟು ಗಟ್ಟಿಯಾಗಿ ವಾದಿಸಬೇಕಿತ್ತು.

ಅವಳ ಪ್ರಶ್ನೆಯ ಬೆನ್ನು ಹತ್ತಿದರೆ ತುಮಕೂರಿಗೆ ಬರುತ್ತೇವೆ. ಅಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಕೇಳಿದ ಮೀರತ್‌ನ ಮೋಹಿನಿ ಜೈನ್ ಅವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಹೇಳಿದರು. ಸರ್ಕಾರಿ ಸೀಟಿನವರಿಗೆ 2,000. ಆಕೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಜೀವಿಸುವ ಹಕ್ಕಿನೊಳಗೇ ಶಿಕ್ಷಣದ ಹಕ್ಕೂ ಇದೆ, ಅದು ಎಲ್ಲ ಹಂತಕ್ಕೂ ಅನ್ವಯ ಎಂದು 1992ರಲ್ಲಿ ತೀರ್ಪಾಯಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಇನ್ನೂ ದೊಡ್ಡ ಪೀಠ 14 ವರ್ಷಕ್ಕೆ ಗೆರೆ ಎಳೆಯಿತು. ಅದರಾಚೆಯದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು. ಸಂವಿಧಾನದ 45ನೆಯ ವಿಧಿಯಲ್ಲಿ ಮೊದಲಿನಿಂದ ಇದ್ದದ್ದೂ 14. 2002ರ ತಿದ್ದುಪಡಿಯಿಂದ ಬಂದ 21ಎ ವಿಧಿಯೂ ಆ ಗೆರೆ ದಾಟಲಿಲ್ಲ.

ಸ್ಪರ್ಧೆಗೆ ಹೊರಟ ಮಕ್ಕಳೇ, ಇಂಥ ಒಂದೇ ಪ್ರಕರಣ ಹಿಡಿಯಿರಿ. ಕೋರ್ಟಿಗೆ ಹೋದವರು ಯಾರು, ಏನು ಕೇಳಿದರು, ಏನು ಸಿಕ್ಕಿತು, ಅದು ನಿಮಗೆ ಒಪ್ಪಿಗೆಯೇ? ಇಲ್ಲವಾದರೆ ಕಾರಣ ಕೊಟ್ಟು ಬರೆಯಿರಿ. ತೀರ್ಪನ್ನು ಸಭ್ಯವಾಗಿ ವಿಮರ್ಶಿಸುವುದು ನ್ಯಾಯಾಂಗ ನಿಂದನೆಯಲ್ಲ. ಪ್ರಸ್ತಾವನೆಯನ್ನು ಪೂರ್ತಿ ಇಳಿಸಬೇಡಿ. ತೀರ್ಪುಗಾರರಿಗೆ ಅದು ಬಾಯಿಪಾಠ.

ಪಾಲಕರು ಎದುರು ಕೂತು ‘ಯಾಕೆ?’ ಎಂದು ಕೇಳುತ್ತಿರಿ, ಪೆನ್ನು ಮಾತ್ರ ಮಗುವಿನ ಕೈಯಲ್ಲೇ ಇರಲಿ. ಮುಖ್ಯೋಪಾಧ್ಯಾಯರ ಸಹಿ, ಮೊಹರು ಬೇಕಿದ್ದರೆ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂದೇ ಅವರು ಮೀಟಿಂಗಿಗೆ ಹೋಗಿರುತ್ತಾರೆ.