ಚಳಿಯೆಂದರೆ ನೆಗಡಿಯಷ್ಟೇ ಅಲ್ಲ

ದೆಹಲಿಯ ಕನ್ನಡಿಗರು ಬೇಸಗೆಗೆ ಹೆದರುವಷ್ಟು ಚಳಿಗೆ ಹೆದರುವುದಿಲ್ಲ. ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಳ್ಳುವಾಗಲೂ ಮೇ ತಿಂಗಳ ಬಿಸಿಗಾಳಿಯನ್ನು ತಪ್ಪಿಸುವ ಲೆಕ್ಕಾಚಾರ ನಡೆಯುತ್ತದೆಯೇ ಹೊರತು ಜನವರಿಯನ್ನು ತಪ್ಪಿಸುವ ಯೋಚನೆ ಅಪರೂಪ. ಚಳಿಯಿಂದಾಗುವುದು ನೆಗಡಿ, ಕೆಮ್ಮು, ಹೆಚ್ಚೆಂದರೆ ಕೀಲುನೋವು ಎಂಬುದು ರೂಢಿಯ ತಿಳುವಳಿಕೆ. ಇದು ಅಪಾಯಕರವಾದ ತಿಳುವಳಿಕೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮರಾಶಿ ಕುಸಿದು ಹತ್ತು ಮಂದಿ ಯೋಧರು ಹೂತುಹೋದುದನ್ನು ಕನ್ನಡಿಗರು ಮರೆತಿರಲಾರರು. ಆರು ದಿನಗಳ ತರುವಾಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ದೊರೆತರು. ಅವರನ್ನು ದೆಹಲಿಯ ಸೈನಿಕ ಆಸ್ಪತ್ರೆಗೆ ತರಲಾಯಿತು. ಹಿಮದಿಂದ ಅಂಗಾಂಗಗಳು ಕೊರೆದುಹೋಗಿಲ್ಲವೆಂದು ವೈದ್ಯರು ತಿಳಿಸಿದಾಗ ಜನರಲ್ಲಿ ಆಸೆ ಚಿಗುರಿದ್ದು ಸಹಜ. ಆದರೆ ತಣ್ಣಗಾದ ದೇಹಕ್ಕೆ ಮತ್ತೆ ಬಿಸಿಯೇರಿ ರಕ್ತ ಹರಿಯುವಾಗಲೇ ತೊಡಕುಗಳು ತಲೆದೋರಬಹುದೆಂದೂ ಅವರೇ ಎಚ್ಚರಿಸಿದ್ದರು. ಫೆಬ್ರವರಿ 11ರಂದು ಆ ವೀರನು ಅಸುನೀಗಿದನು.

ಚಳಿಯ ಪೆಟ್ಟು ಎರಡು ಬಗೆಯದು. ಬೆರಳು, ಕಿವಿ, ಮೂಗುಗಳು ಮರಗಟ್ಟಿ, ಮೇಣದಂತೆ ಬಿಳಿಚಿ ಗಡುಸಾಗುವುದು ಒಂದು. ಇದೇ ಫ್ರಾಸ್ಟ್ ಬೈಟ್. ಮನಾಲಿಗೋ ಗುಲ್ಮಾರ್ಗಿಗೋ ಪ್ರವಾಸ ಹೋಗುವವರು ಇದನ್ನು ತಿಳಿದಿರಬೇಕು. ಅಂಥ ಅಂಗವನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಸ್ಥಳಕ್ಕೆ ಬಂದ ಮೇಲೆಯೇ 37ರಿಂದ 39 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಅದ್ದಿಡಬೇಕು.

ಎರಡನೆಯದು ಕಣ್ಣಿಗೆ ಕಾಣದು; ದೆಹಲಿಯ ಮನೆಯೊಳಗೂ ಬರುತ್ತದೆ. ಒಳಮೈಯ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ, ಎಂದರೆ 95 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ಈ ಸ್ಥಿತಿಗೆ ಹೈಪೋಥರ್ಮಿಯ ಎಂದು ಹೆಸರು. ಮೊದಲು ನಡುಕ, ಆಮೇಲೆ ತೊದಲು ಮಾತು, ಗುಂಡಿ ಹಾಕಿಕೊಳ್ಳಲೂ ಬಾರದ ಬೆರಳು, ಮಂಕು, ತೂಕಡಿಕೆ. ಇಷ್ಟನ್ನೂ ಮನೆಯವರು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುತ್ತಾರೆ. ನಡುಕ ನಿಂತಿತೆಂದರೆ ಚೇತರಿಸಿಕೊಂಡರೆಂದು ಸಮಾಧಾನಪಡುವುದಂತೂ ದೊಡ್ಡ ಪ್ರಮಾದ. ಮಂಕು ಹೆಚ್ಚುತ್ತಿದ್ದು ನಡುಕ ನಿಂತರೆ ಅಪಾಯ ಮೇರೆಮೀರಿದೆಯೆಂದೇ ಅರ್ಥ. ಜ್ವರ ನೋಡುವ ಸಾಮಾನ್ಯ ಪಾದರಸದ ಕಡ್ಡಿಯನ್ನೂ ಇಲ್ಲಿ ನಂಬುವಂತಿಲ್ಲ. ಅದರ ಅಂಕಗಳು ಆರಂಭವಾಗುವುದೇ ಸುಮಾರು 95ರಿಂದ.

ಇನ್ನು ಧನುರ್ಮಾಸದ ಸ್ನಾನ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಈ ಅವಧಿ ದೆಹಲಿಯ ಕಡುಚಳಿಯ ಕಾಲವೂ ಹೌದು. ಮೈಸೂರಿನಲ್ಲಿ ನಸುಕಿನಲ್ಲೆದ್ದು ತಣ್ಣೀರು ಸುರಿದುಕೊಂಡ ಅಭ್ಯಾಸವನ್ನು ಎಪ್ಪತ್ತರ ಹಿರಿಯರು ಇಲ್ಲಿನ ಮಾಳಿಗೆಯ ತೊಟ್ಟಿಯ ನೀರಿನಲ್ಲಿ ಮುಂದುವರಿಸಬಾರದು. ಬಿಸಿನೀರು ಸಲ್ಲದೆಂದು ಯಾವ ದೇವರೂ ಹಟ ಹಿಡಿಯಲಾರನು. ಸ್ನಾನದ ಮನೆಯಲ್ಲಿ ಜಾರಿಬಿದ್ದು ಒದ್ದೆ ಬಟ್ಟೆಯಲ್ಲಿಯೇ ತಣ್ಣನೆಯ ನೆಲದ ಮೇಲೆ ಕಳೆಯುವ ಒಂದೆರಡು ಗಂಟೆಗಳು ಮುದಿಜೀವಕ್ಕೆ ಸಾಕು.

ಇಂಥ ಸಮಯದಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಬ್ರಾಂದಿ. ಅದು ಚರ್ಮಕ್ಕೆ ರಕ್ತ ಹರಿಸಿ ಬೆಚ್ಚನೆಯ ಭ್ರಮೆ ಹುಟ್ಟಿಸುತ್ತದೆ. ವಾಸ್ತವವಾಗಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಜಮೆಯೆಂದು ತೋರುವ ಖರ್ಚು ಇದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಡುವುದು ಇನ್ನೂ ಘೋರ. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒದ್ದೆ ಬಟ್ಟೆ ತೆಗೆದು, ಮೈಯೊರಸಿ, ತಲೆಸಹಿತ ಕಂಬಳಿ ಹೊದಿಸಿ, ನೆಲದ ಚಳಿ ತಾಗದಂತೆ ಮಲಗಿಸುವುದು ಸರಿಯಾದ ಉಪಚಾರ. ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಸಕ್ಕರೆ ಬೆರೆಸಿದ ಬೆಚ್ಚನೆಯ ಪಾನೀಯ. ಶಾಖ ಕೊಡುವುದಾದರೆ ಎದೆ, ಕಂಕುಳುಗಳಿಗೆ, ಬಟ್ಟೆ ಸುತ್ತಿ, ಕೈಕಾಲುಗಳನ್ನು ತಿಕ್ಕಬಾರದು. ತಣ್ಣಗಾದ ಹೃದಯ ಒರಟು ಅಲುಗಾಟಕ್ಕೂ ತಾಳ ತಪ್ಪುವುದರಿಂದ ರೋಗಿಯನ್ನು ಮೆಲ್ಲನೆ ಎತ್ತಬೇಕು. ಜೊತೆಗೇ 112ಕ್ಕೆ ಕರೆಮಾಡಬೇಕು.

ನಾಡಿ ಸಿಗಲಿಲ್ಲವೆಂದು ಮನೆಯವರು ತಾವಾಗಿಯೇ ಕೈಬಿಡುವುದೂ ಸರಿಯಲ್ಲ. 1999ರಲ್ಲಿ ನಾರ್ವೆಯ ಹಿಮದ ತೊರೆಯಲ್ಲಿ ಸಿಲುಕಿದ ತರುಣ ವೈದ್ಯೆಯೊಬ್ಬರ ಒಳಮೈಯ ಶಾಖ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಹೃದಯ ನಿಂತಿತ್ತು. ಅವರು ಬದುಕಿದರು; ಮುಂದೆ ತಮ್ಮನ್ನು ಉಳಿಸಿದ ಆಸ್ಪತ್ರೆಯಲ್ಲಿಯೇ ವೈದ್ಯವೃತ್ತಿ ನಡೆಸಿದರು.