ದೀಕ್ಷಾಸ್ನಾನ ಮತ್ತು ಪ್ರಾರ್ಥನೆ: ಎರಡು ಪದಗಳ ಒಳಗು

ಮಂಜೇಶ್ವರದ ಎಂ. ಗೋವಿಂದ ಪೈಯವರ ‘ಗೊಲ್ಗೊಥಾ’ ಖಂಡಕಾವ್ಯವು ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಯೇಸುವಿನ ಕಡೆಯ ದಿನವನ್ನು ಚಿತ್ರಿಸುವ ಆ ಕೃತಿಯ ಛಂದಸ್ಸು, ಶೈಲಿ, ಕರುಣರಸಗಳ ವಿವೇಚನೆ ತರಗತಿಗಳಲ್ಲಿ ನಡೆಯುವುದುಂಟು. ಆದರೆ ಆ ಮರಣವನ್ನು ಕ್ರೈಸ್ತರು ತಮ್ಮ ಬಾಳಿನಲ್ಲಿ ಹೊತ್ತು ನಡೆಯುವ ಬಗೆ ಎಂತಹದು ಎಂಬ ಪ್ರಶ್ನೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ದೀಕ್ಷಾಸ್ನಾನ ಮತ್ತು ಪ್ರಾರ್ಥನೆ ಎಂಬ ಎರಡು ಆಚರಣೆಗಳಲ್ಲಿದೆ.

ಗ್ರೀಕ್ ಮೂಲಪದದ ಅರ್ಥ ಅದ್ದು, ಮುಳುಗಿಸು ಎಂದು. ತೆಲುಗು, ಮರಾಠಿಗಳು ಆ ಪದದ ಧ್ವನಿಯನ್ನೇ ಉಳಿಸಿಕೊಂಡವು. ತಮಿಳು ‘ಞಾನಸ್ನಾನಂ’ ಎಂದಿತು. ಕೇರಳದ ಸುರಿಯಾನಿ ಕ್ರೈಸ್ತರು ‘ಮಾಮ್ಮೋದೀಸಾ’ ಎನ್ನುತ್ತಾರೆ. ಕನ್ನಡದಲ್ಲಿ ‘ಬಾಪ್ತಿಸ್ಮ’ವೂ ಇದೆ, ‘ದೀಕ್ಷಾಸ್ನಾನ’ವೂ ಇದೆ. ದೀಕ್ಷೆ ಎಂಬ ಪದದೊಡನೆ ಯಜ್ಞದೀಕ್ಷೆ, ಲಿಂಗದೀಕ್ಷೆಗಳ ನೆನಪು ಸೇರಿ ವ್ರತನಿಷ್ಠೆಯ ಗಾಂಭೀರ್ಯ ಬಂದಿತು. ಇದು ಲಾಭ. ಸ್ನಾನವೆಂದೊಡನೆ ಕೊಳೆ ತೊಳೆಯುವ ಭಾವ ಮುಂದಾಗಿ ಮುಳುಗುವಿಕೆಯ ಭಯ ಮರೆಯಾಯಿತು. ಇದು ನಷ್ಟ. ಏಕೆಂದರೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನೊಡನೆ ಹೂಳಲ್ಪಡುವುದಕ್ಕೂ ಹೊಸ ಬಾಳಿಗೆ ಏಳುವುದಕ್ಕೂ ಹೋಲಿಸುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ತನಗೆ ಒದಗಲಿರುವ ಮರಣವನ್ನೇ ದೀಕ್ಷಾಸ್ನಾನವೆಂದು ಕರೆಯುತ್ತಾನೆ. ಗೊಲ್ಗೊಥಾ ಎಂಬ ಬೆಟ್ಟಕ್ಕೂ ದೀಕ್ಷೆಯ ನೀರಿಗೂ ಇರುವ ನಂಟು ಇದು.

ವಿಧಿಯಲ್ಲಿ ಭೇದಗಳಿವೆ. ಕಥೋಲಿಕರು ಶಿಶುವಿನ ತಲೆಯ ಮೇಲೆ ನೀರೆರೆಯುತ್ತಾರೆ. ಬ್ಯಾಪ್ಟಿಸ್ಟರು ನಂಬಿಕೆಯನ್ನು ತಾನಾಗಿ ಅರಿಕೆ ಮಾಡಿದವರನ್ನು ಮಾತ್ರ ಮುಳುಗಿಸುತ್ತಾರೆ. ಮೊದಲನೆಯದು ಮನುಷ್ಯನ ಅರಿವಿಗೂ ಮುನ್ನ ಬರುವ ಕೃಪೆಯನ್ನು, ಎರಡನೆಯದು ಅರಿತು ಮಾಡುವ ನಿರ್ಧಾರವನ್ನು ಎತ್ತಿ ಹಿಡಿಯುತ್ತದೆ. ಆದಿ ಕ್ರೈಸ್ತರ ‘ದಿದಖೆ’ ಎಂಬ ಕೈಪಿಡಿಯು ಹರಿಯುವ ನೀರನ್ನು ಮೆಚ್ಚಿದರೂ, ನೀರು ಸಾಲದೆಡೆ ಮೂರು ಸಲ ತಲೆಗೆ ಎರೆದರೆ ಸಾಕೆನ್ನುತ್ತದೆ. ಆದುದರಿಂದ ನೀರಿನ ಅಳತೆ ಮುಖ್ಯವಲ್ಲ.

ದೀಕ್ಷೆಗೆ ತೆರುವ ಬೆಲೆಯಾದರೋ ಕೆಲವೊಮ್ಮೆ ದೊಡ್ಡದು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕೋಲಾಹಲವೆದ್ದಿತು. ಆತ ತನ್ನ ಜಾತಿಯ ಬಳಗದಿಂದ ದೂರವಾಗಬೇಕಾಯಿತು. ಮುಂದೆ ಬಾಸೆಲ್ ನಗರದಲ್ಲಿ ಓದಿ ಪಾದ್ರಿಯಾಗಿ ಮರಳಿದ. ಇಂದಿನ ವಾಗ್ವಾದಗಳಲ್ಲಿ ದೀಕ್ಷಾಸ್ನಾನವೆಂದರೆ ಮತ ಬದಲಾವಣೆಯ ದಾಖಲೆ ಎಂಬಷ್ಟಕ್ಕೆ ಅರ್ಥ ಕುಗ್ಗಿದೆ. ಪರ ವಿರೋಧಗಳೆರಡೂ ಎಣಿಕೆಯಲ್ಲಿ ತೊಡಗಿದಾಗ, ಒಬ್ಬ ಮನುಷ್ಯನ ಒಳಗೆ ಏನು ಸತ್ತಿತು, ಏನು ಹುಟ್ಟಿತು ಎಂಬ ಪ್ರಶ್ನೆಯನ್ನು ಕೇಳುವವರಿಲ್ಲ.

ಆ ಪ್ರಶ್ನೆಯನ್ನು ದಿನವೂ ಕೇಳಿಸುವುದೇ ಪ್ರಾರ್ಥನೆ. ಲೂಥರನು 1529ರ ತನ್ನ ಕಿರು ಪ್ರಶ್ನೋತ್ತರಿಯಲ್ಲಿ, ಒಳಗಿನ ಹಳೆಯ ಮನುಷ್ಯನು ಅನುದಿನವೂ ಪಶ್ಚಾತ್ತಾಪದಲ್ಲಿ ಮುಳುಗಿ ಸಾಯಬೇಕೆಂದು ವಿವರಿಸಿದನು. ದೀಕ್ಷೆ ಒಮ್ಮೆ ಮಾತ್ರ. ಅದನ್ನು ಬಾಳುವುದು ನಿತ್ಯ. ಪ್ರಾರ್ಥನೆ ಎಂಬ ಪದದಲ್ಲಿ ಬೇಡಿಕೆಯ ಅರ್ಥವಿದೆ, ನಿಜ. ಆದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ನಾಮ, ರಾಜ್ಯ, ಚಿತ್ತಗಳು ಮೊದಲು. ಅನ್ನದ ಬೇಡಿಕೆ ಆಮೇಲೆ. ಅಲ್ಲಿ ‘ನನಗೆ’ ಎಂಬ ಮಾತೇ ಇಲ್ಲ, ಇರುವುದು ‘ನಮಗೆ’. ಕ್ಷಮೆಯನ್ನು ಬೇಡುವವನು ತಾನೂ ಕ್ಷಮಿಸಿರಬೇಕು. ಗೆತ್ಸೆಮನೆಯ ತೋಟದಲ್ಲಿ ಸಂಕಟದ ಪಾತ್ರೆಯು ತನ್ನಿಂದ ದೂರವಾಗಲೆಂದು ಬೇಡಿದ ಯೇಸು, ಕೊನೆಗೆ ತಂದೆಯ ಚಿತ್ತಕ್ಕೆ ತಲೆಬಾಗಿದನು. ಬೇಡಿದ್ದು ದೊರೆಯಲಿಲ್ಲ, ಪ್ರಾರ್ಥನೆ ವ್ಯರ್ಥವಾಗಲೂ ಇಲ್ಲ.

ಇವೆರಡೂ ಬರಿಯ ರೂಢಿಯಾಗುವ ಅಪಾಯ ಇದ್ದೇ ಇದೆ. ದೀಕ್ಷಾಸ್ನಾನವು ಹೆಸರಿಡುವ ಔತಣವಾಗಬಹುದು, ಪ್ರಾರ್ಥನೆಯು ಬಾಯಿಪಾಠವಾಗಬಹುದು. ಒಳಗು ತೊಳೆಯದ ತೀರ್ಥಸ್ನಾನವನ್ನು ವಚನಕಾರರು ಪ್ರಶ್ನಿಸಿದ್ದನ್ನು ಬಲ್ಲ ಕನ್ನಡದ ಓದುಗನಿಗೆ ಈ ಅಪಾಯ ಹೊಸದಲ್ಲ. ಆದ್ದರಿಂದಲೇ ಆತ ಈ ಎರಡು ಪದಗಳನ್ನು ಪರಕೀಯವೆಂದು ಬದಿಗಿಡಬೇಕಾಗಿಲ್ಲ. ಗೋವಿಂದ ಪೈಯವರು ಪರಧರ್ಮದ ಸಂಕಟವನ್ನು ಕನ್ನಡದ ಸಂಕಟವಾಗಿಸಿದರು. ಆ ಕಾವ್ಯವನ್ನು ಓದುವವರು ಅದೇ ಆದರದಿಂದ ಆ ಧರ್ಮದ ಪದಗಳ ಒಳಗನ್ನೂ ಓದುವುದು ಸಾಹಿತ್ಯ ವಿದ್ಯಾರ್ಥಿಯ ಧರ್ಮ.