ವಿಮಾನದ ತಡೆಯೂ ನೌಕರರ ವೇತನವೂ

ಸಾಲ ತೀರದಿದ್ದರೂ ರೈತನ ಜೀವನಕ್ಕೆ ಅವಶ್ಯವಾದ ಎತ್ತು ನೇಗಿಲುಗಳನ್ನು ಜಪ್ತಿ ಮಾಡಕೂಡದೆಂದು 1908ರ ಸಿವಿಲ್ ಪ್ರೊಸೀಜರ್ ಕೋಡು ವಿಧಿಸಿರುವುದನ್ನು ನಮ್ಮ ವಾಚಕರು ಬಲ್ಲರು. ವಿಮಾನಕ್ಕೂ ಇಂತಹ ರಕ್ಷಣೆಯೊಂದು ಹಿಂದೆ ಏರ್ಪಟ್ಟಿತ್ತು. ಗೊತ್ತಾದ ಮಾರ್ಗದಲ್ಲಿ ಸಾರ್ವಜನಿಕರನ್ನು ಸಾಗಿಸುತ್ತಿರುವ ವಿಮಾನವನ್ನು ಸಾಲಕೊಟ್ಟವರು ಮುಂಜಾಗ್ರತೆಗೆಂದು ತಡೆದು ನಿಲ್ಲಿಸಬಾರದೆಂದು 1933ರ ರೋಮ್ ಒಪ್ಪಂದವು ಹೇಳಿತು. 2001ರ ಕೇಪ್‌ಟೌನ್ ಒಪ್ಪಂದದಿಂದ ತಕ್ಕಡಿಯು ಮತ್ತೊಂದು ಕಡೆಗೆ ವಾಲಿತು. ಬಾಡಿಗೆ ನಿಂತೊಡನೆ ವಿಮಾನವನ್ನು ನೋಂದಣಿಯಿಂದ ತೆಗೆಯಿಸಿ ದೇಶದಾಚೆಗೆ ಒಯ್ಯುವ ಹಕ್ಕು ಮಾಲೀಕನಿಗೆ ದೊರೆಯಿತು.

ಭಾರತವು 2008ರಲ್ಲಿಯೇ ಈ ಒಪ್ಪಂದಕ್ಕೆ ಸೇರಿತಾದರೂ, ಅದಕ್ಕೆ ತಕ್ಕ ಶಾಸನವನ್ನು ಮಾಡಲು ಹದಿನೇಳು ವರ್ಷಗಳು ಹಿಡಿದವು. ಈ ಆಲಸ್ಯದ ಫಲವು 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪೆನಿಯು ದಿವಾಳಿಯ ಮೊರೆಹೊಕ್ಕಾಗ ಕಂಡುಬಂದಿತು. ದಿವಾಳಿ ಶಾಸನದ ತಡೆಯಾಜ್ಞೆಯ ಕಾರಣದಿಂದ 54 ವಿಮಾನಗಳು, ಹಾರಲೂ ಹಾರದೆ ಮಾಲೀಕರ ಕೈಗೂ ಸೇರದೆ, ಬಿಸಿಲು ಮಳೆಗಳಲ್ಲಿ ನಿಂತವು. ಅವುಗಳನ್ನು ನೋಂದಣಿಯಿಂದ ಬಿಡಿಸುವಂತೆ ದೆಹಲಿ ಹೈಕೋರ್ಟು ಆಜ್ಞೆ ಮಾಡಿದ್ದು 2024ರ ಏಪ್ರಿಲ್ 26ರಂದು. ಮರುವರ್ಷದ ಏಪ್ರಿಲ್ಲಿನಲ್ಲಿ ಪಾರ್ಲಿಮೆಂಟು ಕೇಪ್‌ಟೌನ್ ಒಪ್ಪಂದಕ್ಕೆ ಶಾಸನದ ಬಲವನ್ನು ಕೊಟ್ಟಿತು.

ಇದನ್ನು ನಾವು ಆಕ್ಷೇಪಿಸುವುದಿಲ್ಲ. ನಮ್ಮ ಕಂಪೆನಿಗಳು ಹಾರಿಸುವ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಕೊಟ್ಟದ್ದು ಹಿಂದಿರುಗುವ ಭರವಸೆಯಿಲ್ಲದಿದ್ದರೆ ಬಾಡಿಗೆಯ ದರವು ಏರಿ, ಅದು ಕೊನೆಗೆ ಪ್ರಯಾಣಿಕನ ತಲೆಯ ಮೇಲೆಯೇ ಬೀಳುವುದು. ಆದರೆ ಮಾಲೀಕನಿಗಿಂತಲೂ ಮುಂಚೆ ಸಲ್ಲತಕ್ಕ ಬಾಕಿಗಳು ಯಾವುವೆಂದು ನಿರ್ಧರಿಸುವ ಸ್ವಾತಂತ್ರ್ಯವನ್ನು ಒಪ್ಪಂದವು ಆಯಾ ರಾಷ್ಟ್ರಕ್ಕೆ ಬಿಟ್ಟಿದೆ. ಭಾರತ ಸರ್ಕಾರವು ಮಾಡಿರುವ ಘೋಷಣೆಯಲ್ಲಿ ನೌಕರರ ವೇತನವೂ ಸೇರಿದೆ. ಆದರೆ ಎಂತಹ ವೇತನ? ಕಂಪೆನಿಯು ಬಾಡಿಗೆ ತಪ್ಪಿತೆಂದು ಘೋಷಿತವಾದ ಅನಂತರದ ವೇತನ ಮಾತ್ರ!

ಕುಸಿಯುತ್ತಿರುವ ಕಂಪೆನಿಯು ಮೊದಲು ನಿಲ್ಲಿಸುವುದು ಅನೇಕ ವೇಳೆ ಸಂಬಳವನ್ನೇ. ನಮ್ಮ ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯನ್ನಿಟ್ಟಿದ್ದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿದ್ದಿತು. ಹಳೆಯ ಬಾಕಿಯನ್ನು ಬಿಟ್ಟು ಮುಂದಿನದಕ್ಕೆ ಮಾತ್ರ ಆಸರೆ ಕೊಡುವ ಘೋಷಣೆಯಿಂದ ಅಂಥವರಿಗೆ ಆಗುವ ಉಪಕಾರವು ಎಷ್ಟು?

ವಿಮಾನವು ತನ್ನದು, ಬಾಡಿಗೆದಾರನ ಆಳುಗಳ ಸಂಬಳವನ್ನು ತಾನೇಕೆ ಕೊಡಬೇಕೆಂದು ಮಾಲೀಕನು ಕೇಳಬಹುದು. ನಿಲ್ದಾಣದ ಶುಲ್ಕ ಬಾಕಿಯಾದರೆ ಅದೇ ವಿಮಾನವನ್ನು ಹಿಡಿದು ನಿಲ್ಲಿಸುವ ಅಧಿಕಾರವನ್ನು ಸರ್ಕಾರಗಳು ತಮಗಾಗಿ ಇರಿಸಿಕೊಂಡಿವೆಯಷ್ಟೆ. ಕೆನಡದ ಸುಪ್ರೀಂ ಕೋರ್ಟು 2006ರಲ್ಲಿ, ಶುಲ್ಕದ ಸಾಲಕ್ಕೆ ಮಾಲೀಕನು ಹೊಣೆಯಲ್ಲದಿದ್ದರೂ ಅವನ ವಿಮಾನವನ್ನು ತಡೆಯಬಹುದೆಂದು ತೀರ್ಮಾನಿಸಿತು. ಶುಲ್ಕಕ್ಕೆ ಸಲ್ಲುವ ನ್ಯಾಯವು ಕೂಲಿಗೆ ಸಲ್ಲದೆ?

ಘೋಷಣೆಯನ್ನು ತಿದ್ದಲು ಒಪ್ಪಂದದಲ್ಲಿಯೇ ಅವಕಾಶವಿದೆ. ಹಿಂದೆ ನೋಂದಾಯಿತವಾದ ಹಕ್ಕುಗಳಿಗೆ ಅದರಿಂದ ಬಾಧೆಯಿಲ್ಲ. ತಪ್ಪುಗಾರಿಕೆಗೆ ಹಿಂದಿನ ಕೆಲವು ತಿಂಗಳ ವೇತನವನ್ನಾದರೂ ಸೇರಿಸಿ ಸರ್ಕಾರದವರು ಹೊಸ ಘೋಷಣೆಯನ್ನು ಕಳುಹಿಸಬೇಕು. ಮತ್ತೊಂದು ಕಂಪೆನಿಯು ಮುಳುಗುವವರೆಗೆ ಕಾಯಬಾರದು.